ಬಂಡಿದಾರಿಗೆ ಬಂದ ಜೀಪುಗಳು

ಮಾನ್ಯ ಮಂಡ್ಯ ಜಿಲ್ಲಾಧಿಕಾರಿಗಳಿಗೆ,



ಇದು ದೂರಿನ ಅರ್ಜಿಯಲ್ಲ. ದೂರು ಕೊಡಬೇಕಾದವರು ಬೇರೆ ಇದ್ದಾರೆ. ಅವರು ಕೊಟ್ಟರೆ ಅದು ನನ್ನ ಮೇಲೇ ಇರುತ್ತದೆ. ಅವರು ತಮ್ಮ ಕಚೇರಿಯ ಮೆಟ್ಟಿಲು ಹತ್ತುವ ಮುಂಚೆ ನಾನೇ ಬರೆದುಬಿಡೋಣ ಅನ್ನಿಸಿತು.

ಹುಟ್ಟಿದ್ದು ಕೆರಗೋಡು, ಹೊಟ್ಟೆಪಾಡು ಬೆಂಗಳೂರು. ಐದು ದಿನ ಕಂಪ್ಯೂಟರ್ ಮುಂದೆ ಕೂತು, ಆರನೆಯ ದಿನ ಒಂದು ಹಳೇ ಮಹೀಂದ್ರ ಜೀಪು ಹತ್ತಿ ಹೊರಡುವ ಹುಚ್ಚು ನನಗಿದೆ. ಒಬ್ಬನೇ ಅಲ್ಲ. ಎರಡು ಮೂರು ಥಾರ್, ಒಂದು ಜಿಮ್ನಿ, ಒಂದು ಮುದಿ ಜಿಪ್ಸಿ, ಹೀಗೆ ಏಳೆಂಟು ಗಾಡಿಗಳ ಗುಂಪು. ದಾರಿ ಹುಡುಕುವುದು, ಮುಂದಿನ ಗಾಡಿ ಯಾವುದು ಕೊನೆಯ ಗಾಡಿ ಯಾವುದು ಎಂದು ಗೊತ್ತುಮಾಡುವುದು, ಒಲೆ ಯಾರ ಪಾಲಿಗೆ, ನೀರಿನ ಕ್ಯಾನು ಯಾರ ಪಾಲಿಗೆ ಎಂದು ಹಂಚುವುದು ನನ್ನ ತಲೆಗೆ ಬಿದ್ದ ಕೆಲಸ. ಇದನ್ನು ಓವರ್‌ಲ್ಯಾಂಡಿಂಗ್ ಅನ್ನುತ್ತಾರೆ. ದೊಡ್ಡಪ್ಪ ಒಮ್ಮೆ ಕೇಳಿದರು, ‘ಅದೇನ್ಲಾ ಅದು?’ ಅಂತ. ಅಕ್ಕಿ, ಬೇಳೆ, ಹಾಸಿಗೆ ಎಲ್ಲ ಗಾಡಿಗೇ ಏರಿಸ್ಕೊಂಡು, ಟಾರು ರಸ್ತೆ ಬಿಟ್ಟು ಮಣ್ಣುದಾರಿ ಹಿಡಿದು, ರಾತ್ರಿ ಎಲ್ಲಾದರೂ ತೋಪಿನಲ್ಲಿ ಉಳ್ಕೊಂಡು ಹೋಗೋದು ಅಂದೆ. ‘ಮೇಲುಕೋಟೆ ವೈರಮುಡಿ ಜಾತ್ರೆಗೆ ಬಂಡಿ ಕಟ್ಕಂಡು ನಾವು ವೋಯ್ತಿದ್ದುದ್ದೂ ಇಂಗೇ ಅಲ್ವಾ? ಆದ್ರೆ ಯಾರ ತೋಪಲ್ಲಿ ಬಂಡಿ ಬಿಡ್ತಾ ಇದೀವಿ ಅನ್ನೋದು ನಮ್ಗೆ ಗೊತ್ತಿರೋದು’ ಅಂದರು. ಆ ಮಾತಿನ ತೂಕ ನನಗೆ ಗೊತ್ತಾಗಲು ಒಂದು ಶನಿವಾರ ಬೇಕಾಯಿತು.

ಎರಡು ವರ್ಷದ ಹಿಂದಿನ ಶ್ರಾವಣ. ಬೆಳಗಿನ ಐದಕ್ಕೆ ಕೆಂಗೇರಿಯಲ್ಲಿ ಸೇರಿ, ಮದ್ದೂರಿನಲ್ಲಿ ತಿಂಡಿ ಮುಗಿಸಿ, ಕೆರಗೋಡಿನ ಮೇಲೆ ಬಸರಾಳಿಗೆ ಹೋಗಿ 1234ರಲ್ಲಿ ಕಟ್ಟಿದ ಹೊಯ್ಸಳರ ಮಲ್ಲಿಕಾರ್ಜುನ ಗುಡಿ ನೋಡಿ, ನಾಗಮಂಗಲದ ಕಡೆಯಿಂದ ಸುತ್ತಿಕೊಂಡು ಮೇಲುಕೋಟೆಯ ಹತ್ತಿರ ರಾತ್ರಿ ಬಿಡಾರ. ಕಾಗದದ ಮೇಲೆ ಚೊಕ್ಕ ಯೋಜನೆ. ಕೆರಗೋಡು, ಬಸರಾಳುಗಳ ನಡುವೆ ಟಾರು ರಸ್ತೆಯನ್ನು ಬಿಡಿಸುವಂಥ ಬಂಡಿದಾರಿಯೊಂದು ಫೋನಿನ ಉಪಗ್ರಹ ನಕ್ಷೆಯಲ್ಲಿ ಎಳೆದ ಗೆರೆಯ ಹಾಗೆ ಕಾಣುತ್ತಿತ್ತು. ಹದಿನೈದು ದಿನದಿಂದ ಮಳೆಯಿರಲಿಲ್ಲ. ನೆಲ ಗಟ್ಟಿಯಿರುತ್ತದೆ ಎಂದು ನಾನೇ ಎಲ್ಲರಿಗೂ ಧೈರ್ಯ ಹೇಳಿದ್ದೆ. ನನ್ನ ಊರಲ್ಲವೇ?

ಮೂರನೆಯ ಗಾಡಿ ಅಚ್ಚಿನವರೆಗೆ ಕೂತುಬಿಟ್ಟಿತು.

ಮಳೆ ಇರಲಿಲ್ಲ ನಿಜ. ಆದರೆ ಮೂರು ದಿನದ ಹಿಂದೆ ನಾಲೆಗೆ ನೀರು ಬಿಟ್ಟಿದ್ದರು. ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯ ಮೇಲೆ ಬಿಟ್ಟು ನಿಲ್ಲಿಸಿ, ನೀರು ಕೊಡುವ ಸೀಮೆಯಲ್ಲಿ ದಾರಿ ಕೆಸರಾಗುವುದು ಆಕಾಶದಿಂದಲ್ಲ, ಪಕ್ಕದಿಂದ. ನಾಲೆಯ ಬಸಿನೀರು, ಗದ್ದೆಯ ಜೌಗು ನೆಲದೊಳಗೇ ಹರಿದು ಬಂದು ದಾರಿಯ ಹೊಟ್ಟೆಯಲ್ಲಿ ಕೂತಿರುತ್ತದೆ. ಮೇಲೆ ಒಣಗಿದ ಪೊರೆ, ಕೆಳಗೆ ಹಿಟ್ಟಿನ ಮುದ್ದೆ. ಇದು ಉಪಗ್ರಹಕ್ಕೆ ಕಾಣದು. ನೀರು ಬಿಡುವ ಸೌಡಿಗೆ ಗೊತ್ತು, ಆ ದಾರಿಯಲ್ಲಿ ದಿನಾ ಹುಲ್ಲಿನ ಹೊರೆ ಹೊರುವ ಹೆಂಗಸರಿಗೆ ಗೊತ್ತು. ಕೆರಗೋಡಿನಲ್ಲೇ ಹುಟ್ಟಿದ ನನಗೆ ಗೊತ್ತಿರಲಿಲ್ಲ.

ಆಮೇಲೆ ಮಾಡಿದ್ದೆಲ್ಲ ಪುಸ್ತಕದ ಪ್ರಕಾರವೇ. ಟೈರಿನ ಗಾಳಿ ಹದಿನೆಂಟಕ್ಕೆ ಇಳಿಸಿದೆವು, ಚಕ್ರದ ಕೆಳಗೆ ಹಲಗೆ ಕೊಟ್ಟೆವು, ಕೊನೆಗೆ ಗಾಡಿ ಎಳೆಯುವ ವಿಂಚಿನ ಹಗ್ಗವನ್ನು ಬದಿಯ ತೆಂಗಿನ ಮರಕ್ಕೆ ಕಟ್ಟಿದೆವು. ಮರಕ್ಕೆ ಸುತ್ತುವ ಅಗಲದ ಪಟ್ಟಿ ಯಾವ ಗಾಡಿಯಲ್ಲಿದೆ ಎಂದು ಹುಡುಕುವ ತಾಳ್ಮೆ ಯಾರಿಗೂ ಇರಲಿಲ್ಲ. ಹಗ್ಗ ಮರದ ಮೈ ಕೊರೆಯಿತು. ಮೂರು ಗಂಟೆ ಎಳೆದಾಡಿ ಇನ್ನೆರಡು ಗಾಡಿ ಹೂತುಕೊಂಡ ಮೇಲೆ ಟ್ರ್ಯಾಕ್ಟರ್ ಬಂತು. ಸಾವಿರದೈನೂರು ರೂಪಾಯಿ ಕೇಳಿದರು, ಕೊಟ್ಟೆವು. ನ್ಯಾಯವಾದ ಬೆಲೆಯೇ. ಅಷ್ಟರಲ್ಲಿ ಮರದ ಯಜಮಾನರು ಬಂದು ನಿಂತಿದ್ದರು. ಮರದ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೊಣಕಾಲುದ್ದ ಬಿದ್ದ ಗಾಲಿಹಳ್ಳ ನೋಡುತ್ತಾ, ‘ನೀವ್ ಆಟ ಆಡ್ಬುಟ್ಟು ವೋಯ್ತೀರಿ. ನಾಳೀಕೆ ನಾನ್ ಕಬ್ಬು ಎಂಗೆ ಸಾಗ್ಸಲಿ, ಯೋಳಿ’ ಅಂದರು.

ತಾವು ಈ ಜಿಲ್ಲೆಯವರಲ್ಲದಿದ್ದರೂ ಕಬ್ಬಿನ ಲೆಕ್ಕ ಇಷ್ಟರಲ್ಲಿ ಪಾಠವಾಗಿರುತ್ತದೆ. ಇಲ್ಲಿ ಅರೆಯುವ ಹಂಗಾಮು ಮಳೆಗಾಲದಲ್ಲೇ ಹಿಡಿಯುತ್ತದೆ. ಕಾರ್ಖಾನೆಯಿಂದ ಸರದಿ ಬಂದ ಮೇಲೆ ಕಡಿದ ಕಬ್ಬು ಗದ್ದೆಯಲ್ಲಿ ಬಿದ್ದಷ್ಟೂ ತೂಕ ಇಳಿಯುತ್ತದೆ, ರಸ ಕೆಡುತ್ತದೆ. ಆಲೆಮನೆಗೆ ಒಯ್ದರೂ ಬೆಲ್ಲ ಬಣ್ಣ ಬಿಡುತ್ತದೆ. ಅದೇ ತಿಂಗಳುಗಳಲ್ಲೇ ನಮ್ಮಂಥವರು ಕೆಸರು ಹುಡುಕಿಕೊಂಡು ಬರುತ್ತೇವೆ. ಅವರಿಗೆ ಕೆಸರು ಕಂಟಕ, ನಮಗೆ ಮಜಾ. ಕಬ್ಬಿನ ಲೋಡಿನ ಟ್ರ್ಯಾಕ್ಟರ್ ದಾರಿ ಕೆಡಿಸುವುದಿಲ್ಲವೇ ಎಂದು ನನ್ನ ಗುಂಪಿನವರೊಬ್ಬರು ವಾದಿಸಿದರು. ಕೆಡಿಸುತ್ತದೆ, ನಮಗಿಂತ ಹೆಚ್ಚೇ ಕೆಡಿಸುತ್ತದೆ. ಆದರೆ ಕೆಡಿಸಿದವರೇ ಮಾರನೆಯ ದಿನ ಗ್ರಾವಲ್ ತಂದು ಹಾಕುತ್ತಾರೆ, ಏಕೆಂದರೆ ಮತ್ತೆ ಓಡಾಡಬೇಕಾದವರು ಅವರೇ. ನಾವು ಗಾಡಿಗೆ ಮೆತ್ತಿದ ಕೆಸರಿನ ಫೋಟೊ ಹಿಡಿದು ಹೊರಟುಹೋಗುತ್ತೇವೆ. ಮುಂದಿನ ಶನಿವಾರ ನಾನೂ ಇನ್ನಿಬ್ಬರೂ ಎರಡು ಟಿಪ್ಪರ್ ಗ್ರಾವಲ್ ತಂದು ಆ ಹಳ್ಳ ಮುಚ್ಚಿಸಿದೆವು. ಔದಾರ್ಯವೇನಲ್ಲ, ಹಬ್ಬಕ್ಕೆ ಊರಿಗೆ ಹೋಗಬೇಕಲ್ಲ, ಮುಖ ತೋರಿಸಬೇಕಲ್ಲ. ಉಳಿದವರಿಗೆ ಆ ಮುಲಾಜೂ ಇಲ್ಲ.

ಗ್ರಾಮನಕ್ಷೆಯಲ್ಲಿ ಚುಕ್ಕಿಗೆರೆಯಾಗಿ ಕಾಣುವ ಈ ಬಂಡಿದಾರಿಗಳಿಗಾಗಿ ಒಂದೊಂದು ಊರಿನಲ್ಲಿ ಎಷ್ಟು ಜಗಳ, ಎಷ್ಟು ಸರ್ವೆ, ಎಷ್ಟು ಪಂಚಾಯಿತಿ ಆಗಿದೆ ಎನ್ನುವುದಕ್ಕೆ ತಾಲ್ಲೂಕು ಕಚೇರಿಯ ಕಡತಗಳೇ ಸಾಕ್ಷಿ. ನರೇಗಾದಲ್ಲಿ ‘ನಮ್ಮ ಹೊಲ ನಮ್ಮ ರಸ್ತೆ’ ಎಂದು ಹೆಸರಿಟ್ಟು ಮಣ್ಣು ಸುರಿದದ್ದು ಇಂಥ ದಾರಿಗಳಿಗೇ. ಯಾರೋ ಬದು ಬಿಟ್ಟುಕೊಟ್ಟು, ಯಾರೋ ಕೂಲಿ ಮಾಡಿ ಆದ ದಾರಿಯನ್ನು ನಾವು ‘ಟ್ರೇಲ್’ ಎಂದು ಕರೆಯುತ್ತೇವೆ, ನಾವೇ ಮೊದಲು ಕಂಡವರ ಹಾಗೆ.

ಇನ್ನೊಂದು ಕಡೆ ನೋಡಿ. 2023ರ ಮಾರ್ಚ್ 12ರಂದು ಇದೇ ಜಿಲ್ಲೆಯ ಗೆಜ್ಜಲಗೆರೆಯಲ್ಲಿ ಪ್ರಧಾನಿಗಳು ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟಿಸಿದರು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಟ್ರ್ಯಾಕ್ಟರ್, ಬೈಕು, ಆಟೊಗಳಿಗೆ ಪ್ರವೇಶವಿಲ್ಲ. ಅಪಘಾತ ತಗ್ಗಿಸಲು ತಂದ ನಿಯಮ, ತಪ್ಪೆನ್ನಲಾರೆ. ಆದರೆ ಲೆಕ್ಕ ಹೀಗಾಯಿತು: ರೈತನ ಟ್ರ್ಯಾಕ್ಟರ್ ನಮ್ಮ ರಸ್ತೆಗೆ ಬರುವಂತಿಲ್ಲ, ನಮ್ಮ ಜೀಪು ಅವನ ದಾರಿಗೆ ಹೇಗೆ ಬೇಕಾದರೂ ಬರಬಹುದು. ಅದೇ ಹೆದ್ದಾರಿಯೇ ನಮ್ಮನ್ನು ಒಂದೂವರೆ ಗಂಟೆಯಲ್ಲಿ ಅವನ ಗದ್ದೆಯ ಬದುವಿಗೆ ತಂದು ಬಿಡುತ್ತದೆ.

ಕಾನೂನು ಇಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆ ಅನುಮತಿಯಿಲ್ಲದ ರೇಸನ್ನು ತಡೆಯುತ್ತದೆ. ನಮ್ಮದು ರೇಸಲ್ಲ, ಗಂಟೆಗೆ ಹತ್ತು ಕಿಲೋಮೀಟರ್ ಹೋದರೆ ಹೆಚ್ಚು. 1972ರ ವನ್ಯಜೀವಿ ಕಾಯ್ದೆಯಂತೆ ಅಭಯಾರಣ್ಯಕ್ಕೆ ಅಪ್ಪಣೆಯಿಲ್ಲದೆ ಕಾಲಿಡುವಂತಿಲ್ಲ. ತೋಳಗಳಿಗಾಗಿ 1974ರಲ್ಲೇ ಘೋಷಿಸಿದ ಮೇಲುಕೋಟೆ ಅಭಯಾರಣ್ಯಕ್ಕೂ, ಮಳವಳ್ಳಿ ಕಡೆಯ ಕಾವೇರಿ ವನ್ಯಧಾಮಕ್ಕೂ ಕಾವಲಿದೆ, ಗೇಟಿದೆ. ಕಾಡಿಗೆ ಗೇಟು, ಹೆದ್ದಾರಿಗೆ ಟೋಲು. ನಡುವೆ ಉಳಿದ ಬಂಡಿದಾರಿ, ಗೋಮಾಳ, ಕೆರೆಯಂಗಳಗಳಿಗೆ ಹೇಳುವವರು ಕೇಳುವವರು ಇಲ್ಲ. ಬೇಸಿಗೆಯಲ್ಲಿ ನೀರಿಳಿದ ಕೆರೆಯಂಗಳದಲ್ಲಿ ಗಾಡಿ ಗಿರಗಿರ ತಿರುಗಿಸುವವರನ್ನೂ ಕಂಡಿದ್ದೇನೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆಗಳು ಮರಿಗೆ ಮೀನು ತರುವುದು ಸುತ್ತಲಿನ ಇಂಥ ಕೆರೆಗಳಿಂದಲೇ. ಅಷ್ಟು ಹೇಳಿ ಆ ಮಾತು ಬಿಡುತ್ತೇನೆ, ಏಕೆಂದರೆ ನನ್ನ ನಿಜವಾದ ಭಯ ಬೇರೆಯದು.

ಅದು ನಾಲೆಯ ಏರಿ.

2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಆಮೇಲೂ ಕಾರುಗಳು ನಾಲೆಗೆ ಬಿದ್ದಿವೆ, ಜೀವಗಳು ಹೋಗಿವೆ. ಅವೆಲ್ಲ ನಿತ್ಯದ ಓಡಾಟದಲ್ಲಿ ಆದದ್ದು. ಈಗ ರಜಾದಿನದ ಮಜಾಕ್ಕಾಗಿ ಏರಿಯ ಮೇಲೆ ಸಾಲುಗಟ್ಟಿ ಹೋಗುವವರು ಹೆಚ್ಚುತ್ತಿದ್ದಾರೆ. ಚೆಂದವೇ, ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ಹಸಿರು ಗದ್ದೆ. ಡ್ರೋನ್ ಹಾರಿಸಿದರೆ ಇನ್ನೂ ಚೆಂದ. ಆದರೆ ಏರಿ ಇರುವುದು ನೀರು ತಡೆಯಲು, ಮೇಲಿನ ಹಾದಿ ಇರುವುದು ನಾಲೆ ನೋಡಿಕೊಳ್ಳುವವರಿಗೆ. ಜನ, ಸಾಮಾನು ಸೇರಿದರೆ ನಮ್ಮ ದೊಡ್ಡ ಗಾಡಿಗಳು ಎರಡು ಟನ್ನಿನ ಆಸುಪಾಸು ತೂಗುತ್ತವೆ. ಎದುರಿನಿಂದ ಒಂದು ಬೈಕು ಬಂದರೂ ದಾರಿ ಬಿಡಲು ಚಕ್ರವನ್ನು ಅಂಚಿಗೆ ತರಬೇಕು. ನೆನೆದ ಅಂಚು ಮೊದಲ ಗಾಡಿಗೆ ತಡೆದೀತು, ಎರಡನೆಯದಕ್ಕೂ ತಡೆದೀತು, ಏಳನೆಯದಕ್ಕೆ ಕುಸಿಯುತ್ತದೆ. ಗಾರೆ ಹಾಕಿದ ಇಳಿಜಾರಿಗೆ ಪಾಚಿ ಹತ್ತಿದ್ದರೆ ಈಜು ಬಲ್ಲವನೂ ಮೇಲೆ ಹತ್ತಲಾರ. ನಮ್ಮ ವಿಂಚು, ಹಗ್ಗ, ಕೊಂಡಿಗಳೆಲ್ಲ ಕೆಸರಿಗೆ ಸರಿ. ಹರಿಯುವ ನಾಲೆಯಲ್ಲಿ ಮುಳುಗಿದ ಗಾಡಿಯ ಬಾಗಿಲು ತೆರೆಯಲು ನಮ್ಮಲ್ಲಿ ಯಾವ ಸಾಮಾನೂ ಇಲ್ಲ.

ಹಾಗೊಂದು ಆಗಿಹೋದರೆ ಏನಾಗುತ್ತದೆ ಎಂಬುದು ತಮಗೂ ಗೊತ್ತು, ನನಗೂ ಗೊತ್ತು. ಮಾರನೆಯ ದಿನವೇ ಪೂರ್ತಿ ನಿಷೇಧ. ಫಲಕ ನೆಡುತ್ತಾರೆ, ಆರು ತಿಂಗಳಲ್ಲಿ ಅದಕ್ಕೆ ತುಕ್ಕು ಹಿಡಿಯುತ್ತದೆ. ಹೇಳಿ ಕೇಳಿ ಬರುವವರು ನಿಲ್ಲುತ್ತಾರೆ, ಕೇಳದೆ ಬರುವವರು ರಾತ್ರಿ ಬರುತ್ತಾರೆ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಚಾರಣಿಗರು ಒಟ್ಟಿಗೇ ನುಗ್ಗಿದಾಗಲೂ ಮೊದಲು ಬಂದದ್ದು ತಡೆ; ಮುಂಗಡ ನೋಂದಣಿ, ದಿನಕ್ಕೆ ಇಂತಿಷ್ಟೇ ಜನ ಎಂಬ ಕಟ್ಟಳೆ ಬಂದದ್ದು ಆಮೇಲೆ. ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ 2025ರ ಸೆಪ್ಟೆಂಬರ್‌ನಿಂದ ಚಿಕ್ಕಮಗಳೂರು ಜಿಲ್ಲಾಡಳಿತವೂ ಮುಂಗಡ ನೋಂದಣಿ ತಂದು ಬೆಳಗ್ಗೆ, ಮಧ್ಯಾಹ್ನ ಎಂದು ಪಾಳಿ ಮಾಡಿತು. ಬೆಟ್ಟಕ್ಕೆ ಆದದ್ದು ಬಯಲಿಗೂ ಆಗಬಹುದು. ಇಲ್ಲಿ ಜನ ತುಂಬಿ ತುಳುಕುವವರೆಗೆ ಕಾಯಬೇಕಾಗಿಲ್ಲ ಅಷ್ಟೆ.

ನಾನು ಕೇಳುವುದು ದೊಡ್ಡದಲ್ಲ. ನಾಲೆ ಏರಿಯ ಮೇಲೆ ಮೋಜಿನ ವಾಹನಗಳ ಸಾಲು ಹೋಗಕೂಡದು ಎಂದು ಒಂದು ಆದೇಶ ಹೊರಡಿಸಿ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರೂ ತಾವೇ ಆಗಿರುವುದರಿಂದ ಇದಕ್ಕೆ ಹೊಸ ಕಾಯ್ದೆ ಬೇಕಾಗದು. ಇದರಲ್ಲಿ ರಿಯಾಯಿತಿ ಬೇಡ, ನಮಗೂ ಬೇಡ. ಬಂಡಿದಾರಿಗಳ ಮಾತು ಬೇರೆ. ಅವುಗಳನ್ನು ಆಯಾ ಗ್ರಾಮ ಪಂಚಾಯಿತಿಗೇ ಬಿಟ್ಟುಬಿಡಿ. ಯಾವ ದಾರಿಯಲ್ಲಿ ಬರಬಹುದು, ಯಾವ ತಿಂಗಳು ಬರಕೂಡದು, ಒಮ್ಮೆಗೆ ಎಷ್ಟು ಗಾಡಿ ಎಂಬುದನ್ನು ಊರು ಹೇಳಲಿ. ಕಬ್ಬು ಸಾಗುವಾಗ, ಭತ್ತದ ಕೊಯ್ಲಿನಲ್ಲಿ ಬೇಡವೆಂದರೆ ಬೇಡ. ಬರುವವರು ವಾರ ಮುಂಚೆ ಗಾಡಿಗಳ ನಂಬರು, ಒಬ್ಬ ಹೊಣೆಗಾರನ ಹೆಸರು ಕೊಟ್ಟು, ಗಾಡಿಗೆ ಇಷ್ಟು ಎಂದು ಠೇವಣಿ ಇಡಲಿ. ದಾರಿ ಇದ್ದ ಹಾಗೇ ಇದ್ದರೆ ಠೇವಣಿ ವಾಪಸ್ಸು, ಕೆಟ್ಟರೆ ಗ್ರಾವಲ್ಲಿಗೆ. ಠೇವಣಿ ಅಂದ ಕೂಡಲೆ ನಮ್ಮ ಗುಂಪಿನಲ್ಲೇ ಇಬ್ಬರು ಮುನಿಸಿಕೊಂಡಿದ್ದಾರೆ. ಹದಿನೈದು ಲಕ್ಷದ ಗಾಡಿಗೆ ಲಕ್ಷದ ಟೈರು ಹಾಕಿಸುವವರಿಗೆ ಎರಡು ಸಾವಿರದ ಠೇವಣಿ ಭಾರವಾಗುವುದು ನನಗೂ ಅರ್ಥವಾಗಿಲ್ಲ.

ಇನ್ನು ಸೌಡಿಯ ವಿಷಯ. ಯಾವ ಉಪನಾಲೆಗೆ ಯಾವತ್ತು ನೀರು ಎಂಬ ಸರದಿ ಪಟ್ಟಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲಿದ್ದರೆ ಸಾಕು, ನಮ್ಮ ಅರ್ಧ ಯೋಜನೆ ಅಲ್ಲೇ ಆಗುತ್ತದೆ. ಈಗ ನಾನು ಮಾಡುವುದೂ ಅದನ್ನೇ. ಗುರುವಾರ ಸಂಜೆ ಊರಿಗೊಂದು ಫೋನು, ನೀರು ಬಿಟ್ಟವ್ರಾ ಅಂತ ಒಂದೇ ಪ್ರಶ್ನೆ. ಬಿಟ್ಟವ್ರೆ ಅಂದರೆ ಆ ವಾರ ಕೆರಗೋಡಿನ ಕಡೆಗೆ ತಲೆ ಹಾಕುವುದಿಲ್ಲ. ನಾಗಮಂಗಲದ ಕಡೆಯ ಗಟ್ಟಿ ನೆಲಕ್ಕೆ ಹೋಗುತ್ತೇವೆ, ಇಲ್ಲವೇ ಮನೆಯಲ್ಲೇ ಇರುತ್ತೇವೆ. ಗಾಡಿಗಳೂ ಐದಕ್ಕಿಂತ ಹೆಚ್ಚಿಲ್ಲ. ಮರಕ್ಕೆ ಸುತ್ತುವ ಪಟ್ಟಿ ಈಗ ಮೊದಲ ಗಾಡಿಯಲ್ಲಿ, ಸೀಟಿನ ಕೆಳಗೇ ಇರುತ್ತದೆ.

ಈ ಪತ್ರದ ಜೊತೆ ನಮ್ಮ ಊರಿನ ಗ್ರಾಮನಕ್ಷೆಯ ಒಂದು ಪ್ರತಿಯನ್ನು ಇಟ್ಟಿದ್ದೇನೆ. ಹಸಿರು ಬಣ್ಣದಲ್ಲಿ ಎಳೆದ ಮೂರು ದಾರಿಗಳು ಊರಿನ ಕೆಲವು ಹಿರಿಯರ ಜೊತೆ ಕೂತು ಗುರುತು ಮಾಡಿದವು. ನಾಲೆಯುದ್ದಕ್ಕೂ ಇರುವ ಕೆಂಪು ಗೆರೆ ನನ್ನದು. ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬಿಡುವು ಮಾಡಿಕೊಂಡರೆ ತಮ್ಮನ್ನು ಆ ಮೂರು ದಾರಿಗಳಲ್ಲೂ ಕರೆದುಕೊಂಡು ಹೋಗುತ್ತೇನೆ. ತೆಂಗಿನ ಮರದ ಯಜಮಾನರೂ ಬರುತ್ತೇನೆ ಎಂದಿದ್ದಾರೆ. ಜೀಪಿಗೆ ಮಾತ್ರ ಹತ್ತುವುದಿಲ್ಲವಂತೆ, ತಮ್ಮ ಟ್ರ್ಯಾಕ್ಟರಿನಲ್ಲೇ ಹಿಂದೆ ಬರುತ್ತಾರಂತೆ.

ಇಂತಿ ತಮ್ಮ ವಿಶ್ವಾಸಿ,
ಕೆರಗೋಡಿನವನೊಬ್ಬ