ಆ ಡಬ್ಬಿಯ ಸೀಲು ಒಡೆಯಿರಿ

ಜಾಲಿಯ ಬಂಧುಗಳೇ, ಭಟ್ಕಳ, ಹೊನ್ನಾವರ, ಕುಮಟಾದ ವಾಹನ ಮಾಲೀಕರೇ, ಚಾಲಕರೇ,

ಕಾರು ಕೊಂಡಾಗ ಶೋರೂಮಿನವರು ಕೊಟ್ಟ ಪ್ರಥಮ ಚಿಕಿತ್ಸೆಯ ಡಬ್ಬಿ ಈಗ ಎಲ್ಲಿದೆ? ಡಿಕ್ಕಿಯಲ್ಲಿ, ಸ್ಟೆಪ್ನಿಯ ಪಕ್ಕದಲ್ಲಿ, ಪ್ಲಾಸ್ಟಿಕ್ ಹೊದಿಕೆ ಸಮೇತ ಅಲ್ಲವೇ? ಹೋದ ವಾರ ನನ್ನದನ್ನು ಬಿಚ್ಚಿ ನೋಡಿದೆ. ಬೆರಳಿಗೆ ಸುತ್ತುವಷ್ಟು ಪಟ್ಟಿ, ಅಂಟು ಬತ್ತಿದ ನಾಲ್ಕು ಪ್ಲಾಸ್ಟರ್, ಒಣಗಿಹೋದ ಆಂಟಿಸೆಪ್ಟಿಕ್, ಬಟ್ಟೆಯನ್ನೂ ಕತ್ತರಿಸದ ಕತ್ತರಿ. ತೊಡೆಯಿಂದ ರಕ್ತ ಚಿಮ್ಮುತ್ತಿರುವ ಮನುಷ್ಯನ ಮುಂದೆ ಇದನ್ನು ಹಿಡಿದು ನಾನೇನು ಮಾಡುತ್ತಿದ್ದೆ? ಇಷ್ಟು ವರ್ಷ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಇದರ ಭರವಸೆಯಲ್ಲಿ ಓಡಾಡಿದೆನಲ್ಲ ಎಂದು ಎದೆ ನಡುಗಿತು.

ನಮಗೆ ದೊಡ್ಡ ಆಸ್ಪತ್ರೆ ದೂರ. ತಲೆಗೆ ಪೆಟ್ಟು ಬಿದ್ದರೆ ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರ್ ಓಡಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಮಳೆಯಲ್ಲಿ ಶಿರೂರು ಟೋಲ್‌ಗೇಟಿನ ಹತ್ತಿರ ಮಗುಚಿ ನಾಲ್ವರು ಸತ್ತರು. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಗ ಮತ್ತೆ ಎದ್ದಿತು. ಆ ಕೂಗು ನಿಲ್ಲಬಾರದು. ಯಾವ ಡಬ್ಬಿಯೂ ಆಸ್ಪತ್ರೆಯ ಜಾಗ ತುಂಬುವುದಿಲ್ಲ. ಆದರೆ ಆಸ್ಪತ್ರೆ ನಾಳೆಯೇ ಎದ್ದು ನಿಂತರೂ, ಗೇರುಸೊಪ್ಪೆ ಘಾಟಿಯ ತಿರುವಿನಲ್ಲಿ, ದೇವಿಮನೆಯ ಇಳಿಜಾರಿನಲ್ಲಿ 108 ಬರುವ ತನಕ ಗಾಯಾಳುವಿನ ಮಗ್ಗುಲಲ್ಲಿ ಇರುವವರು ನಾವೇ. ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗುತ್ತದೆ.

ಆದ್ದರಿಂದ ಮೊದಲು ರಕ್ತ ನಿಲ್ಲಿಸುವ ಸಾಮಾನು ತನ್ನಿ. ಅಂಗೈ ಅಗಲದ ಸ್ಟೆರೈಲ್ ಗಾಜ್ ಬಟ್ಟೆ ಒಂದು ಡಜನ್, ಅಗಲವಾದ ರೋಲರ್ ಬ್ಯಾಂಡೇಜ್, ಕ್ರೇಪ್ ಬ್ಯಾಂಡೇಜ್, ಮುರಿದ ಕೈಯನ್ನು ತೂಗುಹಾಕಲು ತ್ರಿಕೋನದ ಬಟ್ಟೆ, ಎರಡು ಮೂರು ಜೊತೆ ಕೈಗವಸು, ಸೀಟ್‌ಬೆಲ್ಟನ್ನೂ ಜೀನ್ಸನ್ನೂ ಕತ್ತರಿಸುವ ಗಟ್ಟಿ ಕತ್ತರಿ, ಗಾಯ ತೊಳೆಯಲು ಸಲೈನ್, ಒಂದು ಟಾರ್ಚು, ಮೈ ಬೆಚ್ಚಗಿಡಲು ಹೊದಿಕೆ. ಪ್ಲಾಸ್ಟರು, ಹತ್ತಿ ಆಮೇಲೆ. ನಮ್ಮ ಮಳೆಗಾಲ ಬಲ್ಲವರಿಗೆ ಬೇರೆ ಹೇಳಬೇಕೇ, ಇವೆಲ್ಲ ನೀರಿಳಿಯದ ಚೀಲದಲ್ಲಿರಲಿ. ಡಿಕ್ಕಿಯಲ್ಲಿ ಬೇಡ, ಮುಂದಿನ ಸೀಟಿನ ಕೆಳಗಿರಲಿ. ಹಿಂದಿನಿಂದ ಲಾರಿ ಗುದ್ದಿದರೆ ಡಿಕ್ಕಿ ತೆರೆಯದೇ ಹೋಗಬಹುದು. ಬೈಕಿನವರೂ ಸೀಟಿನ ಕೆಳಗೆ ನಾಲ್ಕು ಗಾಜ್ ಬಟ್ಟೆ, ಒಂದು ಬ್ಯಾಂಡೇಜು ಇಡಬಹುದು.

ಮಾತ್ರೆ, ಮುಲಾಮುಗಳನ್ನು ಕಾರಿನಲ್ಲಿ ಬಿಡಬೇಡಿ. ಜಾಲಿ ಕಡಲ ದಂಡೆಯಲ್ಲಿ ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಒಮ್ಮೆ ಕೈಹಾಕಿ ನೋಡಿ. 30 ಡಿಗ್ರಿಯೊಳಗೆ ಇಡಿ ಎಂದು ಬರೆದ ಔಷಧ ಅಲ್ಲಿ ಹೇಗೆ ಉಳಿದೀತು? ಅವಕ್ಕೆ ಬೇರೆ ಪುಟ್ಟ ಚೀಲ ಮಾಡಿ, ನಿಮ್ಮೊಂದಿಗೆ ಇಳಿಯಲಿ, ನಿಮ್ಮೊಂದಿಗೆ ಹತ್ತಲಿ. ಅದರಲ್ಲಿ ಏನಿರಬೇಕೆಂದು ಅಂಗಡಿಯವನಿಗಿಂತ ನಿಮ್ಮ ಮನೆಗೆ ಚೆನ್ನಾಗಿ ಗೊತ್ತು. ಉಬ್ಬಸದ ಮಗುವಿದ್ದರೆ ಇನ್ಹೇಲರ್, ಸಕ್ಕರೆ ಕಾಯಿಲೆಯ ಅಜ್ಜನಿದ್ದರೆ ಗ್ಲೂಕೋಸ್, ಎಲ್ಲರಿಗೂ ಓಆರ್‌ಎಸ್. ಜೊತೆಗೊಂದು ಚೀಟಿ: ಯಾರ ರಕ್ತದ ಗುಂಪು ಯಾವುದು, ಯಾರಿಗೆ ಯಾವ ಮದ್ದು ಆಗಿಬರುವುದಿಲ್ಲ. ಗಲ್ಫಿನಿಂದ ಬರುವವರನ್ನು ಕರೆತರಲು ನಡುರಾತ್ರಿ ಮಂಗಳೂರು ವಿಮಾನ ನಿಲ್ದಾಣಕ್ಕೆ ಹೊರಡುವ ಪ್ರತಿ ಕಾರಿನಲ್ಲೂ ಈ ಚೀಟಿ ಇರಬೇಕು.

ಡಬ್ಬಿಯಿದ್ದರೂ ಕೈಗೆ ಕೆಲಸ ಗೊತ್ತಿಲ್ಲದಿದ್ದರೆ ವ್ಯರ್ಥ. ರಕ್ತ ಬರುವಲ್ಲಿ ಗಾಜ್ ಬಟ್ಟೆಯಿಟ್ಟು ಬಲವಾಗಿ ಒತ್ತಿ. ನೆನೆದರೆ ಕಿತ್ತು ನೋಡಬೇಡಿ, ಮೇಲೆ ಇನ್ನೊಂದಿಟ್ಟು ಒತ್ತಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ನಮ್ಮವರು ಎಲ್ಲಕ್ಕಿಂತ ಮೊದಲು ಮಾಡುವುದು ಅದನ್ನೇ, ಪ್ರೀತಿಯಿಂದಲೇ ಮಾಡುತ್ತಾರೆ, ಆ ನೀರು ಶ್ವಾಸನಾಳಕ್ಕೆ ಇಳಿದು ಕೊಲ್ಲಬಹುದು. ಗಾಯಕ್ಕೆ ಕಾಫಿಪುಡಿ ಮೆತ್ತುವುದು, ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಕೀಲಿಕೈ ತುರುಕುವುದು ಇನ್ನಾದರೂ ಸಾಕು.

ಪೊಲೀಸು, ಕೋರ್ಟು ಎಂದು ಹೆದರಿ ಕಾರು ನಿಲ್ಲಿಸದೆ ಹೋಗುವವರೇ, ಆ ಹೆದರಿಕೆಗೆ ಈಗ ಆಧಾರವಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಸೆಕ್ಷನ್ನು ಸಹಾಯಕ್ಕೆ ಬಂದವರನ್ನು ಕಾಯುತ್ತದೆ. ಹೆಸರು ಹೇಳಿ ಎಂದು ಪೊಲೀಸರು ಒತ್ತಾಯಿಸುವಂತಿಲ್ಲ. ಹೆದ್ದಾರಿ 66ರಲ್ಲಿ ಬಿದ್ದವನು ನಮ್ಮ ಕೇರಿಯವನೋ, ನಮ್ಮ ಜಾತಿಯವನೋ, ನಮ್ಮ ಭಾಷೆಯವನೋ ಎಂದು ನೋಡುವ ಹೊತ್ತಲ್ಲ ಅದು. ನಿಲ್ಲಿಸಿ. ಇಳಿಯಿರಿ. ಒತ್ತಿ ಹಿಡಿಯಿರಿ.

ಇಂದು ಸಂಜೆ ಡಬ್ಬಿ ಬಿಚ್ಚುವಾಗ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅದು ಎಲ್ಲಿರುತ್ತದೆ, ಹೇಗೆ ಒತ್ತಬೇಕು ಎಂದು ತೋರಿಸಿಕೊಡಿ. ಸ್ಟೇರಿಂಗ್ ಹಿಡಿದ ನಿಮಗೇ ಪೆಟ್ಟಾದ ದಿನ ಡಬ್ಬಿ ತೆಗೆಯಬೇಕಾದವರು ಅವರು.