ನೋಟರಿ ಮುದ್ರೆ ಏನು ಹೇಳುತ್ತದೆ?

ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿಗೆ ಮೊದಲು, ಆಧಾರ್ ಕಾರ್ಡಿನಲ್ಲಿ ಕೊನೆಗೆ. ಕಾಲೇಜಿನವರು ಅಫಿಡವಿಟ್ ಕೇಳುತ್ತಾರೆ. ತಂದೆ ಕಾಗದ ಟೈಪು ಮಾಡಿಸಿ, ಮನೆಯಲ್ಲೇ ಮಗನ ಸಹಿ ಹಾಕಿಸಿಕೊಂಡು, ಒಬ್ಬರೇ ನೋಟರಿಯ ಬಳಿ ಹೋಗುತ್ತಾರೆ. ಹಲವರು ಎಡವುವುದು ಇಲ್ಲೇ.

1952ರ ನೋಟರಿ ಕಾಯ್ದೆಯಂತೆ ಸರ್ಕಾರ ನೇಮಿಸುವವರು ನೋಟರಿಗಳು. ವಕೀಲರಾದರೆ ಕನಿಷ್ಠ 10 ವರ್ಷದ ಅನುಭವ ಬೇಕು. ಮಹಿಳೆಯರಿಗೆ, ಪರಿಶಿಷ್ಟ ಹಾಗೂ ಹಿಂದುಳಿದ ವರ್ಗದವರಿಗೆ 7 ವರ್ಷ ಸಾಕು. ಪ್ರಮಾಣ ಮಾಡಿಸುವುದು, ಕರಾರು, ಮುಖ್ತ್ಯಾರ್ ಪತ್ರಗಳ ಸಹಿಯನ್ನು ದೃಢೀಕರಿಸುವುದು, ಮೂಲದೊಡನೆ ಹೋಲಿಸಿ ನಕಲು ಪ್ರತಿಗೆ ಮುದ್ರೆ ಒತ್ತುವುದು ಅವರ ಕೆಲಸ. ಎಲ್ಲವೂ ಅವರ ರಿಜಿಸ್ಟರಿನಲ್ಲಿ ದಾಖಲಾಗಬೇಕು.

ಅಫಿಡವಿಟ್ಟಿನ ಮೇಲಿನ ಮುದ್ರೆ ಹೇಳುವುದಿಷ್ಟೇ: ಈ ವ್ಯಕ್ತಿ ನನ್ನೆದುರು ಪ್ರಮಾಣ ಮಾಡಿ ಸಹಿ ಹಾಕಿದ್ದಾನೆ. ಬರೆದದ್ದು ನಿಜವೆಂಬ ಹೊಣೆ ಸಹಿ ಹಾಕಿದವನದೇ. ಸುಳ್ಳು ಪ್ರಮಾಣ ಶಿಕ್ಷಾರ್ಹ ಅಪರಾಧ.

ಇನ್ನೊಂದು ಮಾತು. ಅಫಿಡವಿಟ್ಟಿನಿಂದಲೇ ಅಂಕಪಟ್ಟಿಯ ಹೆಸರು ಬದಲಾಗದು. ತಿದ್ದುಪಡಿಗೆ ಪರೀಕ್ಷಾ ಮಂಡಳಿಗೇ ಅರ್ಜಿ ಹಾಕಬೇಕು.

ಆದ್ದರಿಂದ ಹೊರಡುವ ಮುನ್ನ ಪ್ರತಿ ಸಾಲನ್ನೂ ಓದಿ ನೋಡಿ. ಗುರುತಿನ ಚೀಟಿ, ಮೂಲ ದಾಖಲೆಗಳು ಜೊತೆಗಿರಲಿ. ಮಗನನ್ನೂ ಕರೆದೊಯ್ಯಿರಿ. ಸಹಿ ಮಾತ್ರ ಅಲ್ಲೇ, ನೋಟರಿಯ ಎದುರೇ ಆಗಲಿ.