ಇನ್ನೂರರ ಗೆರೆಯೂ ಮನೆಯ ಮೀಟರೂ

ಗೃಹಜ್ಯೋತಿ ಯೋಜನೆಗೆ 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ವಿಧ್ಯುಕ್ತ ಚಾಲನೆ ದೊರೆತ ಬಳಿಕ ರಾಜ್ಯದ ಬಹುತೇಕ ಮನೆಗಳಲ್ಲಿ ವಿದ್ಯುತ್ ಬಿಲ್ ಓದುವ ಅಭ್ಯಾಸವೇ ತಪ್ಪಿಹೋಗಿದೆ. ಶೂನ್ಯವೆಂದು ನಮೂದಾದ ಚೀಟಿಯನ್ನು ಯಾರು ತಾನೇ ಎರಡನೆಯ ಸಲ ನೋಡುತ್ತಾರೆ? ಆದರೆ ಮೀಟರ್ ಮೇಲೆ ಕಣ್ಣಿಡಬೇಕಾದ ಅಗತ್ಯ ಹಿಂದೆಂದಿಗಿಂತ ಹೆಚ್ಚಾಗಿರುವುದೂ ಇದೇ ಯೋಜನೆಯಿಂದಲೇ.

2022-23ರ ಸಾಲಿನ ಮಾಸಿಕ ಸರಾಸರಿಗೆ ಶೇ. 10ರಷ್ಟು ಸೇರಿಸಿ ಪ್ರತಿ ಮನೆಯ ಉಚಿತ ಪ್ರಮಾಣವನ್ನು ನಿಗದಿಪಡಿಸಲಾಯಿತು. ಅದನ್ನು ಮೀರಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ. 200 ದಾಟಿದರೆ ಪೂರ್ಣ ಬಿಲ್. 150 ಯೂನಿಟ್ ಸರಾಸರಿಯ ಮನೆಯನ್ನು ತೆಗೆದುಕೊಳ್ಳೋಣ. ಅದರ ಉಚಿತ ಪಾಲು 165. ಆ ಮನೆ 195 ಯೂನಿಟ್ ಬಳಸಿದರೆ, 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 5.90 ರೂ. ದರದಂತೆ, ಬಳಕೆ ಶುಲ್ಕ 177 ರೂ. ಅದೇ ಮನೆ 201 ಬಳಸಿದರೆ 1,185.90 ರೂ. ಆರು ಯೂನಿಟ್‌ಗೆ ಸಾವಿರ ರೂಪಾಯಿ!

ಈ ಆರು ಯೂನಿಟ್ ಎಲ್ಲಿ ಸೋರಿತು ಎಂಬುದನ್ನು ಬಿಲ್ ಹೇಳುವುದಿಲ್ಲ. ಸಾಮಾನ್ಯವಾಗಿ ಆರೋಪ ಹೊರುವುದು ಗೀಸರ್. 2,000 ವ್ಯಾಟ್‌ನ ಗೀಸರ್ ದಿನಕ್ಕೆ ಒಂದು ಗಂಟೆ ಕಾಯ್ದರೆ ತಿಂಗಳಿಗೆ 60 ಯೂನಿಟ್, ನಿಜ. ಆದರೆ 75 ವ್ಯಾಟ್‌ನ ಮೂರು ಹಳೆಯ ಫ್ಯಾನ್‌ಗಳು ದಿನಕ್ಕೆ ಹತ್ತು ತಾಸು ತಿರುಗಿದರೆ 67 ದಾಟುತ್ತದೆ. ಸದ್ದು ಮಾಡುವ ಮಿಕ್ಸಿ ದಿನಕ್ಕೆ ಹತ್ತು ನಿಮಿಷ ಓಡಿದರೂ ತಿಂಗಳಿಗೆ ನಾಲ್ಕು ಯೂನಿಟ್ ಆಗದು. ಟಿವಿ ಆರಿಸಿದ ಮೇಲೂ 10 ವ್ಯಾಟ್ ಎಳೆಯುತ್ತಲೇ ಇರುವ ಸೆಟ್‌ಟಾಪ್ ಬಾಕ್ಸ್ ಅದರ ಸುಮಾರು ಎರಡರಷ್ಟು ನುಂಗುತ್ತದೆ. ಸಾಧನ ಎಷ್ಟು ಬಲದ್ದು ಎಂಬುದಕ್ಕಿಂತ ಎಷ್ಟು ಹೊತ್ತು ನಡೆಯುತ್ತದೆ ಎಂಬುದೇ ಹಲವು ಸಲ ನಿರ್ಣಾಯಕ.

ಇದನ್ನು ಅಳೆಯಲು ಯಂತ್ರ ಕೊಳ್ಳಬೇಕಾಗಿಲ್ಲ. ಎಲೆಕ್ಟ್ರಾನಿಕ್ ಮೀಟರ್‌ನಲ್ಲಿ ಮಿಣುಕುವ ಕೆಂಪು ದೀಪವೇ ಸಾಕು. ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂಬುದು ಮೀಟರ್ ಮೇಲೆಯೇ ಅಚ್ಚಾಗಿರುತ್ತದೆ. ಅದು 3200 ಇದ್ದಲ್ಲಿ, ಉಳಿದೆಲ್ಲವನ್ನೂ ಆರಿಸಿ ಒಂದೇ ಸಾಧನ ಹಚ್ಚಿ, ನಿಮಿಷದ ಮಿಣುಕುಗಳನ್ನು ಎಣಿಸಿ 19ರಿಂದ ಗುಣಿಸಿದರೆ ಸರಿಸುಮಾರು ವ್ಯಾಟ್ ಸಿಗುತ್ತದೆ. ಹಳೆಯ ಫ್ಯಾನ್ ನಿಮಿಷಕ್ಕೆ ನಾಲ್ಕು ಸಲ ಮಿಣುಕಿಸುತ್ತದೆ. ಫ್ರಿಜ್ ಆಗಾಗ ನಿಂತು ಓಡುವುದರಿಂದ ಈ ಲೆಕ್ಕಕ್ಕೆ ಒಗ್ಗದು. ಅದರ ಸ್ಟಾರ್ ಚೀಟಿಯಲ್ಲಿರುವ ವಾರ್ಷಿಕ ಯೂನಿಟ್‌ಗಳನ್ನು 12ರಿಂದ ಭಾಗಿಸುವುದೇ ಲೇಸು. ಬಿಲ್ ಬಂದ ದಿನದಿಂದ ವಾರಕ್ಕೊಮ್ಮೆ ಅಂಕಿ ಬರೆದಿಟ್ಟರೆ ತಿಂಗಳ ಮಧ್ಯದಲ್ಲೇ ಅಪಾಯ ಗೊತ್ತಾಗುತ್ತದೆ. ಅದರಲ್ಲೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಇದು ಅವಶ್ಯ. ಉಚಿತ ಪಾಲು ಇಡೀ ವರ್ಷದ ಸರಾಸರಿಯದು. ರಾಯಚೂರು, ಕಲಬುರಗಿಗಳ ಬಿಸಿಲು ಸರಾಸರಿಗೆ ಸಗ್ಗುವುದಿಲ್ಲ.

ಯೋಜನೆಯೊಳಗಿನ ವಿಚಿತ್ರವೊಂದನ್ನು ಇಲ್ಲಿ ಹೇಳಲೇಬೇಕು. 2022-23ರಲ್ಲಿ ಮಿತವಾಗಿ ಬಳಸಿದವರಿಗೆ ಪಾಲು ಕಡಿಮೆ, ಧಾರಾಳವಾಗಿ ಬಳಸಿದವರಿಗೆ ಹೆಚ್ಚು. 2024ರ ಜನವರಿಯಲ್ಲಿ, 48 ಯೂನಿಟ್‌ಗಿಂತ ಕಡಿಮೆ ಸರಾಸರಿಯವರಿಗೆ ಶೇ. 10ರ ಬದಲು 10 ಯೂನಿಟ್ ನೀಡಲು ತೀರ್ಮಾನಿಸಿದ್ದು ಈ ಕೊರತೆಯನ್ನು ಭಾಗಶಃ ತುಂಬಿತು. ಆದರೆ ಉಳಿಸುವ ಪ್ರೇರಣೆ ಮಾತ್ರ ಹುಟ್ಟಲಿಲ್ಲ. ಸುಮಾರು 30 ವ್ಯಾಟ್‌ನಲ್ಲಿ ತಿರುಗುವ ಬಿಎಲ್‌ಡಿಸಿ ಫ್ಯಾನ್‌ಗಳನ್ನು ಮೂರು ಕಡೆ ಹಾಕಿದರೆ ಮೇಲಿನ ಲೆಕ್ಕದಂತೆ ತಿಂಗಳಿಗೆ 40 ಯೂನಿಟ್ ಉಳಿಯುತ್ತದೆ. ಗೆರೆಯಂಚಿನ ಮನೆಗೆ ಇದು ಲಾಭ. ಶೂನ್ಯ ಬಿಲ್ಲಿನ ಮನೆಗೆ ದಮ್ಮಡಿಯ ಲಾಭವಿಲ್ಲ. ಅಲ್ಲಿ ಉಳಿಯುವುದು ಸಬ್ಸಿಡಿ ಭರಿಸುವ ಬೊಕ್ಕಸದ ಹಣ. 2015ರಲ್ಲಿ ‘ಹೊಸ ಬೆಳಕು’ ಯೋಜನೆಯಡಿ ಎಲ್‌ಇಡಿ ಬಲ್ಬುಗಳನ್ನು ಅಗ್ಗದ ದರದಲ್ಲಿ ಮನೆಮನೆಗೆ ತಲುಪಿಸಿದ ರಾಜ್ಯವಿದು. ಬಲ್ಬಿಗೆ ಆದದ್ದು ಫ್ಯಾನಿಗೇಕೆ ಆಗಬಾರದು ಎಂಬ ಪ್ರಶ್ನೆಗೆ ಇಂಧನ ಇಲಾಖೆಯೇ ಉತ್ತರಿಸಬೇಕು.